ಜೈನ ಚಿತ್ರಸಾಮಗ್ರಿ ಮತ್ತು ವಿಕಿಮೀಡಿಯ ಕಾಮನ್ಸ್: ಹೆಸರು, ನೆಲೆ, ಪಾಠಗಳ ದೃಷ್ಟಿಯಿಂದ ಒಂದು ವಿಮರ್ಶೆ

ಸಾವಳಗಿ ಎಂಬ ಹೆಸರಿನ ಊರು ಉತ್ತರ ಕರ್ನಾಟಕದಲ್ಲಿ ಒಂದೇ ಅಲ್ಲ. ಬಾಗಲಕೋಟೆ ಜಿಲ್ಲೆಯ ಜಮಖಂಡಿ ತಾಲ್ಲೂಕಿನಲ್ಲಿ ಒಂದು ಸಾವಳಗಿಯಿದೆ. ಶಿವಲಿಂಗೇಶ್ವರ ಪೀಠದಿಂದ ಪ್ರಸಿದ್ಧವಾದ ಸಾವಳಗಿ ಗೋಕಾಕ ತಾಲ್ಲೂಕಿಗೆ ಸೇರಿದುದು. ಸೊಲ್ಲಾಪುರದಿಂದ ವಾಡಿಗೆ ಹೋಗುವ ರೈಲುಮಾರ್ಗದಲ್ಲಿ, ಕಲಬುರಗಿಗೆ ಸಮೀಪದಲ್ಲಿ, ನಿಲ್ದಾಣವುಳ್ಳ ಸಾವಳಗಿ ಮೂರನೆಯದು. ಒಂದು ಶಿಲಾಖಂಡದ ಛಾಯಾಚಿತ್ರದ ಕೆಳಗೆ ರೋಮನ್ ಲಿಪಿಯಲ್ಲಿ ಈ ಊರಿನ ಹೆಸರನ್ನಷ್ಟೇ ಬರೆದು ಬಿಟ್ಟರೆ, ಆ ಕಲ್ಲು ರಟ್ಟರ ಸೀಮೆಯದೋ ಮಾನ್ಯಖೇಟದ ಆಸುಪಾಸಿನದೋ ಎಂಬುದು ನಿಶ್ಚಯವಾಗುವುದಿಲ್ಲ. ಶಾಸನಶಾಸ್ತ್ರದಲ್ಲಿ ಇದು ಸಣ್ಣ ಲೋಪವಲ್ಲ. ನೆಲೆ ತಪ್ಪಿದ ಶಾಸನ ಗಣ, ಗಚ್ಛ, ರಾಜವಂಶಗಳನ್ನೂ ತಪ್ಪಿಸುತ್ತದೆ.

ವಿಕಿಮೀಡಿಯ ಕಾಮನ್ಸ್ ಎಂಬ ಚಿತ್ರಭಂಡಾರವನ್ನು ಪರಿಶೀಲಿಸುವವರು ಮೊದಲು ಈ ಅಂಶವನ್ನು ಗಮನದಲ್ಲಿಡಬೇಕು. 2004ರ ಸೆಪ್ಟೆಂಬರಿನಲ್ಲಿ ಆರಂಭವಾದ ಈ ಜಾಲತಾಣದಲ್ಲಿ ಈಗ 10 ಕೋಟಿಗೂ ಮಿಕ್ಕ ಚಿತ್ರ, ಧ್ವನಿ, ದೃಶ್ಯಗಳ ಕಡತಗಳಿವೆ. ಇದಕ್ಕೆ ಸಂಪಾದಕಮಂಡಲಿಯಿಲ್ಲ. ಖಾತೆ ತೆರೆದ ಯಾರೇ ಆದರೂ ತಾವು ತೆಗೆದ ಚಿತ್ರವನ್ನು ಅಪ್‌ಲೋಡ್ ಮಾಡಬಹುದು, ಅದಕ್ಕೆ ವಿವರಣೆ ಬರೆಯಬಹುದು, ವರ್ಗಗಳನ್ನು ಸೂಚಿಸಬಹುದು. ಇತರರು ಬರೆದುದನ್ನು ತಿದ್ದಬಹುದು. ತಿದ್ದಿದವರ ಹೆಸರು, ದಿನಾಂಕ, ಹಿಂದಿನ ಪಾಠ ಇವೆಲ್ಲ ಇತಿಹಾಸಪುಟದಲ್ಲಿ ಉಳಿಯುತ್ತವೆ. ಸದಸ್ಯರೇ ಆರಿಸಿದ ನಿರ್ವಾಹಕರು ಕೃತಿಸ್ವಾಮ್ಯವನ್ನು ಉಲ್ಲಂಘಿಸಿದ ಚಿತ್ರಗಳನ್ನು, ಸಾಮಾನ್ಯವಾಗಿ ಒಂದು ವಾರದ ಚರ್ಚೆಯ ನಂತರ, ತೆಗೆದುಹಾಕುತ್ತಾರೆ. ಹಸ್ತಪ್ರತಿಯ ಪಾಠಾಂತರಗಳಿಗೆ ಅಡಿಟಿಪ್ಪಣಿ ಬರೆದು ಅಭ್ಯಾಸವಿರುವ ಪಂಡಿತರಿಗೆ ಈ ಇತಿಹಾಸಪುಟದ ಏರ್ಪಾಡು ಮೆಚ್ಚುಗೆಯಾಗದೆ ಇರದು. ಅನೇಕ ಮುದ್ರಿತ ಗ್ರಂಥಗಳಲ್ಲಿ ಸಂಪಾದಕರು ಮೂಲವನ್ನು ಎಲ್ಲಿ ತಿದ್ದಿದರೆಂಬುದೇ ತಿಳಿಯುವುದಿಲ್ಲ. ಇಲ್ಲಿ ಅದು ತಿಳಿಯುತ್ತದೆ.

ಆದರೆ ನಿರ್ವಾಹಕರ ಕಣ್ಣು ಮುಖ್ಯವಾಗಿ ಸ್ವಾಮ್ಯದ ಮೇಲೆ, ಸತ್ಯಾಸತ್ಯದ ಮೇಲಲ್ಲ. ಚಿತ್ರಕ್ಕೆ ತಪ್ಪು ಹೆಸರಿದೆ ಎಂಬ ಕಾರಣದಿಂದ ಅದು ಅಳಿಯುವುದಿಲ್ಲ. ವಿವಾದಾಸ್ಪದವೆಂಬ ಸೂಚನೆಯನ್ನು ಅಂಟಿಸಬಹುದು. ಕಡತದ ಹೆಸರಿನಲ್ಲಿಯೇ ಸ್ಪಷ್ಟವಾದ ದೋಷವಿದ್ದರೆ ಹೆಸರನ್ನು ಬದಲಿಸಲು ಕೋರಬಹುದು. ತಪ್ಪನ್ನು ಅರಿತವರು ಬಂದು ತಿದ್ದುವವರೆಗೆ ತಪ್ಪು ನಿಂತೇ ಇರುತ್ತದೆ, ಅಷ್ಟರಲ್ಲಿ ಹತ್ತು ಕಡೆಗೆ ಹರಡಿಯೂ ಇರುತ್ತದೆ. ಇಲ್ಲಿನ ಚಿತ್ರಗಳನ್ನು ಯಾರು ಬೇಕಾದರೂ, ವಾಣಿಜ್ಯಕ್ಕೂ, ಬಳಸಬಹುದೆಂಬುದೇ ಇದರ ಮೂಲನಿಯಮವಾದುದರಿಂದ, ಇಲ್ಲಿಯ ದೋಷ ಪಠ್ಯಪುಸ್ತಕಕ್ಕೂ ಪ್ರವಾಸ ಕೈಪಿಡಿಗೂ ನೇರವಾಗಿ ನಡೆದುಹೋಗುತ್ತದೆ.

ಜೈನಶಿಲ್ಪದಲ್ಲಿ ಇಂಥ ದೋಷಕ್ಕೆ ಅವಕಾಶ ಹೆಚ್ಚು. ಬಾದಾಮಿಯ ನಾಲ್ಕನೆಯ ಗುಹೆಯಲ್ಲಿ ಪಾರ್ಶ್ವನಾಥ ಮತ್ತು ಬಾಹುಬಲಿಯ ಶಿಲ್ಪಗಳು ಎದುರುಬದುರಾಗಿವೆ. ಐಹೊಳೆಯ ಜೈನಗುಹೆಯಲ್ಲಿಯೂ ಇದೇ ಜೋಡಿ, ಇದೇ ವಿನ್ಯಾಸ. ಎರಡೂ ಬಾಗಲಕೋಟೆ ಜಿಲ್ಲೆಯವು. ಎರಡರಲ್ಲಿಯೂ ಬಾಹುಬಲಿಯ ಕೇಶ ಭುಜದ ಮೇಲೆ ಇಳಿದಿದೆ, ಬಳ್ಳಿ ಸುತ್ತಿದೆ, ಪಾರ್ಶ್ವದಲ್ಲಿ ಸ್ತ್ರೀಮೂರ್ತಿಗಳಿವೆ. ಗುಹೆಯ ಕಂಬವೋ ಛಾವಣಿಯೋ ಕಾಣದಂತೆ ಶಿಲ್ಪವನ್ನಷ್ಟೇ ಸಮೀಪದಿಂದ ತೆಗೆದ ಚಿತ್ರವನ್ನು, ಎರಡು ಸ್ಥಳಗಳನ್ನೂ ಒಂದೇ ದಿನ ಸುತ್ತಿ ಬಂದ ಪ್ರವಾಸಿ ಮನೆಗೆ ಹೋಗಿ ಅಪ್‌ಲೋಡ್ ಮಾಡುವಾಗ ಬಾದಾಮಿಯದನ್ನು ಐಹೊಳೆಯದೆಂದರೆ ಅಚ್ಚರಿಯೇನಿಲ್ಲ. ಐದು ಹೆಡೆಯ ಸುಪಾರ್ಶ್ವನನ್ನು ಪಾರ್ಶ್ವನೆನ್ನುವುದು, ಕಾಯೋತ್ಸರ್ಗದಲ್ಲಿ ನಿಂತ ಯಾವ ಜಿನನನ್ನಾದರೂ ಗೊಮ್ಮಟನೆನ್ನುವುದು, ಪದ್ಮಾಸನದಲ್ಲಿ ಕುಳಿತ ಲಾಂಛನ ಸವೆದ ಬಿಂಬವನ್ನು ಬುದ್ಧನೆನ್ನುವುದು ಹಳೆಯ ರೋಗಗಳು. ಹಿಂದೆ ಇವು ಗ್ಯಾಸೆಟಿಯರುಗಳಲ್ಲಿ ಕಾಣುತ್ತಿದ್ದುವು. ಈಗ ಟ್ಯಾಗುಗಳಿಗೆ ದಾಟಿವೆ. ವರ್ಗೀಕರಣ ಬಹಿರಂಗವಾದ ರೂಪವನ್ನು ಹಿಡಿದು ನಡೆಯುವುದರಿಂದ ದಿಗಂಬರ ಜಿನಬಿಂಬವನ್ನು ನಗ್ನಶಿಲ್ಪಗಳ ವರ್ಗಕ್ಕೆ ಒಬ್ಬರು ಸೇರಿಸಿದರೆ ಅದಕ್ಕೆ ತಡೆಯಿಲ್ಲವೆಂಬುದನ್ನೂ ಹೇಳಬೇಕಾಗಿದೆ. ಇದು ದ್ವೇಷದಿಂದ ಆಗುವುದಲ್ಲ. ನಾಮನಿಕ್ಷೇಪಕ್ಕೂ ಸ್ಥಾಪನಾನಿಕ್ಷೇಪಕ್ಕೂ ಭೇದವಿದೆ ಎಂಬುದನ್ನು ತಿಳಿಯದವರು ಹೆಸರಿಡಲು ಕುಳಿತರೆ ಹೀಗಾಗುವುದು ಸಹಜ.

ಲಿಪಿ ಮತ್ತು ಭಾಷೆಗಳ ಗೊಂದಲ ಇದಕ್ಕಿಂತ ಗುರುತರವಾದುದು. ಐಹೊಳೆಯ ಮೇಗುತಿಯಲ್ಲಿರುವ ರವಿಕೀರ್ತಿಯ ಶಾಸನ, ಶಕ 556, ಕನ್ನಡ ಲಿಪಿಯಲ್ಲಿದೆ, ಭಾಷೆ ಸಂಸ್ಕೃತ. ಮೂಡಬಿದಿರೆಯ ಧವಲ, ಜಯಧವಲಗಳ ತಾಡಪತ್ರಗಳು ಹಳಗನ್ನಡ ಲಿಪಿಯಲ್ಲಿವೆ. ಪಾಠ ಪ್ರಾಕೃತ ಮತ್ತು ಸಂಸ್ಕೃತ. ಅಕ್ಷರಗಳನ್ನಷ್ಟೇ ಗುರುತಿಸಬಲ್ಲವರು ಇವನ್ನು ಕನ್ನಡ ಶಾಸನ, ಕನ್ನಡ ಹಸ್ತಪ್ರತಿ ಎಂಬ ವರ್ಗಕ್ಕೆ ಸೇರಿಸಿ ತೃಪ್ತರಾಗುವರು. ಪ್ರಾಕೃತದ ಅಧ್ಯೇತೃ ಆ ಕಡೆ ತಿರುಗಿಯೂ ನೋಡುವುದಿಲ್ಲ. ವರ್ಗಗಳ ಹೆಸರುಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ಇರಬೇಕೆಂಬ ನಿಯಮ ಈ ತೊಡಕನ್ನು ಹೆಚ್ಚಿಸಿದೆ: ಬಸದಿ, ನಿಸಿಧಿ, ಮಾನಸ್ತಂಭ, ಬ್ರಹ್ಮದೇವರ ಕಂಬ ಇವುಗಳನ್ನೆಲ್ಲ ದೇವಾಲಯ, ಸ್ಮಾರಕ, ಕಂಬ ಎಂಬ ಮೂರು ಮಾತುಗಳ ಒಳಗೆ ಅಡಗಿಸುವ ಪ್ರವೃತ್ತಿಗೆ ಅದು ಎಡೆಮಾಡಿದೆ. 2019ರಿಂದ ಈಚೆಗೆ ಚಿತ್ರಕ್ಕೆ ಯಾವ ಭಾಷೆಯಲ್ಲಾದರೂ ಶೀರ್ಷಿಕೆಯನ್ನು ಬರೆಯುವ, ಚಿತ್ರದಲ್ಲಿ ಏನಿದೆ ಎಂಬುದನ್ನು ವಿಕಿಡೇಟಾದ ಸಂಖ್ಯೆಯ ಮೂಲಕ ಸೂಚಿಸುವ ಸೌಕರ್ಯ ಬಂದಿದೆ. ಮೂರು ಸಾವಳಗಿಗಳಿಗೆ ಮೂರು ಬೇರೆ ಬೇರೆ ಸಂಖ್ಯೆಗಳು ಇರಬಲ್ಲವು. ಅಲ್ಲಿ ಹೆಸರು ಒಂದೇ ಎಂಬುದು ಬಾಧಕವಲ್ಲ. ಕನ್ನಡದಲ್ಲಿ ನಿಸಿಧಿ ಎಂದು ಬರೆದ ಶೀರ್ಷಿಕೆ ಕನ್ನಡದಲ್ಲಿ ಹುಡುಕುವವರಿಗೆ ಸಿಗುತ್ತದೆ. ಬರೆಯುವವರು ವಿರಳರೆಂಬುದೇ ಕೊರತೆ.

ನೆಲೆಯ ವಿಷಯಕ್ಕೆ ಮರಳಿದರೆ, ತೇರದಾಳದ ಉದಾಹರಣೆ ಹೆಚ್ಚು ಬೋಧಪ್ರದ. ಜಮಖಂಡಿಯ ಸೀಮೆಗೆ ಹತ್ತಿರದ ಈ ಊರಿನ ನೇಮಿನಾಥ ಬಸದಿಯನ್ನು ಮಂಡಲಿಕ ಗೊಂಕನು ಕಟ್ಟಿಸಿ ಶಕ 1045ರಲ್ಲಿ, ಎಂದರೆ ಕ್ರಿ.ಶ. 1123ರ ಸುಮಾರಿನಲ್ಲಿ, ದತ್ತಿ ಬಿಟ್ಟುದು ಶಾಸನಸಿದ್ಧ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕರ ಸಂಬಂಧವೂ ಅದರಿಂದಲೇ ತಿಳಿಯುವುದು. ಶಾಸನದಲ್ಲಿ ಊರು ತೇರಿದಾಳ. ಜೆ. ಎಫ್. ಫ್ಲೀಟ್ ಅದನ್ನು 1885ರಲ್ಲಿ ಇಂಡಿಯನ್ ಆಂಟಿಕ್ವೆರಿಯ 14ನೆಯ ಸಂಪುಟದಲ್ಲಿ ಪ್ರಕಟಿಸಿದಾಗ ಊರು ಸಾಂಗಲಿ ಸಂಸ್ಥಾನದಲ್ಲಿತ್ತು, ಜಮಖಂಡಿ ತಾನೇ ಬೇರೊಂದು ಸಂಸ್ಥಾನವಾಗಿತ್ತು. 1948ರ ವಿಲೀನದ ಮೇಲೆ ಈ ಪ್ರದೇಶ ಬಿಜಾಪುರ ಜಿಲ್ಲೆಗೆ ಸೇರಿತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದಿತು, 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಬಿಜಾಪುರವೇ 2014ರಲ್ಲಿ ವಿಜಯಪುರವಾಯಿತು. ಒಂದೇ ಬಸದಿಯ ಕುರಿತ ಬರಹಗಳು ಸಾಂಗಲಿ, ಬಿಜಾಪುರ, ಬಾಗಲಕೋಟೆ ಎಂಬ ಮೂರು ತಲೆಬರಹಗಳ ಕೆಳಗೆ ಚದುರಿರುವುದಕ್ಕೆ ಇದೇ ಕಾರಣ. ಚಿತ್ರ ಏರಿಸುವವರು ಇಂದಿನ ಜಿಲ್ಲೆಯನ್ನಷ್ಟೇ ಬರೆದರೆ ಹಳೆಯ ಸಾಹಿತ್ಯದೊಡನೆ ಇರುವ ಕೊಂಡಿ ಕಳಚುತ್ತದೆ. ವಿವರಣೆಯಲ್ಲಿ ಶಾಸನೋಕ್ತ ನಾಮ, ಹಿಂದಿನ ಸಂಸ್ಥಾನ, ಪ್ರಕಟವಾದ ಸಂಪುಟ ಇಷ್ಟನ್ನು ಎರಡು ವಾಕ್ಯಗಳಲ್ಲಿ ಹೇಳಬಹುದು.

ಸ್ಮಾರಕಗಳ ಚಿತ್ರಸ್ಪರ್ಧೆಯೊಂದು, ವಿಕಿ ಲವ್ಸ್ ಮಾನ್ಯುಮೆಂಟ್ಸ್ ಎಂಬುದು, 2010ರಲ್ಲಿ ನೆದರ್ಲೆಂಡಿನಲ್ಲಿ ಹುಟ್ಟಿ 2012ರಲ್ಲಿ ಭಾರತಕ್ಕೂ ಬಂದಿತು. ಇದರಿಂದ ಕರ್ನಾಟಕದ ಎಷ್ಟೋ ಜಿನಾಲಯಗಳ ಒಳ್ಳೆಯ ಚಿತ್ರಗಳು ದೊರಕಿವೆ ಎಂಬುದು ನಿರ್ವಿವಾದ. ಆದರೆ ಅದಕ್ಕಾಗಿ ಸಿದ್ಧವಾದ ಪಟ್ಟಿಗಳು ಸರ್ಕಾರದ ಸಂರಕ್ಷಿತ ಸ್ಮಾರಕಗಳನ್ನು ಅನುಸರಿಸಿದುವು. ಪಟ್ಟಿಯಲ್ಲಿ ಸಂಖ್ಯೆಯಿಲ್ಲದ ಹಳ್ಳಿಯ ಬಸದಿ, ಹೊಲದ ಬದುವಿನ ನಿಸಿಧಿಗಲ್ಲು, ಹನುಮಂತನ ಗುಡಿಯ ಗೋಡೆಗೆ ಸೇರಿಕೊಂಡ ಮುಕ್ಕೊಡೆಯ ತುಂಡು ಇವುಗಳತ್ತ ಕ್ಯಾಮೆರಾ ತಿರುಗುವುದು ಅಪರೂಪ. ಸದಸ್ಯರು ಗುಣಮಟ್ಟದ ಚಿತ್ರವೆಂದು ಆರಿಸುವಾಗಲೂ ಬೆಳಕು, ಸ್ಪಷ್ಟತೆ, ಚೌಕಟ್ಟು ಇವನ್ನೇ ಮುಖ್ಯವಾಗಿ ನೋಡುವರು. ಮುಂಜಾನೆಯ ಹೊಂಬಣ್ಣದಲ್ಲಿ ಬಸದಿಯ ಮುಂಭಾಗ ಸುಂದರವಾಗಿರಬಹುದು. ಶಾಸನ ಓದುವವರಿಗೆ ಬೇಕಾದುದು ಪಕ್ಕದಿಂದ ಓರೆಯಾಗಿ ಬಿದ್ದ ಬೆಳಕು, ಅಕ್ಷರದ ಅಂಚಿನ ನೆರಳು, ಅಳತೆಯ ಪಟ್ಟಿ.

ಹಸ್ತಪ್ರತಿಗಳ ವಿಷಯದಲ್ಲಿ ಮಾತನ್ನು ಇನ್ನೂ ಬಿಗಿಯಾಗಿ ಆಡಬೇಕಾಗಿದೆ. ಅಪ್‌ಲೋಡಿನ ಸಾಮಾನ್ಯ ನಮೂನೆ ಕೇಳುವುದು ವಿವರಣೆ, ದಿನಾಂಕ, ಮೂಲ, ಕರ್ತೃ ಎಂಬ ಅಂಶಗಳನ್ನು. ತಾಡಪತ್ರಕ್ಕೆ ಕರ್ತೃ ಯಾರು? ಗ್ರಂಥಕಾರರೇ, ಲಿಪಿಕಾರರೇ, ಚಿತ್ರ ತೆಗೆದವರೇ? ದಿನಾಂಕ ಯಾವುದು? ರಚನೆಯ ಕಾಲವೇ, ಪ್ರತಿಯಾದ ಶಕವರ್ಷವೇ, ಕ್ಯಾಮೆರಾ ಗುಂಡಿಯೊತ್ತಿದ ದಿನವೇ? ಈ ಮೂರನ್ನೂ ಒಂದೇ ಅಂಕಣದಲ್ಲಿ ತುರುಕಿದಾಗ ಹುಟ್ಟುವ ಅವಾಂತರವನ್ನು ಗ್ರಂಥಸೂಚಿ ಮಾಡಿದವರು ಊಹಿಸಬಲ್ಲರು. ಕೆ. ಭುಜಬಲಿ ಶಾಸ್ತ್ರಿಗಳ 'ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ' ಪ್ರಕಟವಾದುದು 1948ರಲ್ಲಿ. ಭಂಡಾರದಿಂದ ಭಂಡಾರಕ್ಕೆ ಸಾಗುವ ಅಂಥ ಸೂಚಿಯಿಂದ ತಿಳಿಯುವ ಮೊದಲ ಸಂಗತಿ, ಈ ಓಲೆ ಎಲ್ಲಿಯದು ಎಂಬುದು, ಬಿಡಿಚಿತ್ರಗಳಲ್ಲಿ ಅನೇಕ ವೇಳೆ ಇರುವುದಿಲ್ಲ. ಕಲಾಕೃತಿಗಳಿಗೂ ಪುಸ್ತಕಗಳಿಗೂ ಪ್ರತ್ಯೇಕವಾದ ನಮೂನೆಗಳು ಕಾಮನ್ಸಿನಲ್ಲಿಯೇ ಇವೆ. ಸಂಗ್ರಹಸ್ಥಾನ, ಕ್ರಮಾಂಕ, ಅಳತೆ ಇವಕ್ಕೆಲ್ಲ ಅವುಗಳಲ್ಲಿ ಸ್ಥಾನವುಂಟು. ಹೊಸಬರಿಗೆ ಅವು ತಾವಾಗಿಯೇ ಎದುರಾಗುವುದಿಲ್ಲವೆಂಬುದು ಈ ತಾಣದ ರಚನೆಯಲ್ಲಿರುವ ದೋಷ. ಪತ್ರದ ಸಂಖ್ಯೆ, ಮುಂಭಾಗ ಹಿಂಭಾಗಗಳ ಸೂಚನೆ, ಪಂಕ್ತಿಗಳ ಎಣಿಕೆ, ಪುಷ್ಪಿಕೆಯ ಪಾಠ ಇವಿಲ್ಲದ ಓಲೆಯ ಚಿತ್ರ ಗೋಡೆಗೆ ತೂಗುಹಾಕಲು ಯೋಗ್ಯವಾದೀತು, ಗ್ರಂಥಸಂಪಾದನೆಗೆ ಅಲ್ಲ.

ಹಾಗಾದರೆ ಭಂಡಾರಗಳು ಬಾಗಿಲು ಹಾಕಿಕೊಂಡಿರುವುದೇ ಲೇಸೆಂದು ಕೆಲವರು ವಾದಿಸಬಹುದು. ಷಟ್ಖಂಡಾಗಮದ ಪ್ರಕಾಶನದ ಇತಿಹಾಸ ಬಲ್ಲವರು ಹೀಗೆ ವಾದಿಸಲಾರರು. ಮೂಡಬಿದಿರೆಯ ಓಲೆಗಳ ಪ್ರತಿ ಹೊರಕ್ಕೆ ಬಂದುದು ಗುಟ್ಟಾಗಿ. ಪ್ರತಿಯ ಪ್ರತಿಗಳು ಉತ್ತರದ ಊರುಗಳಲ್ಲಿ ಹರಡಿದುವು. ಹೀರಾಲಾಲ ಜೈನರ ಮೊದಲ ಸಂಪುಟ 1939ರಲ್ಲಿ ಅಚ್ಚಾದುದು ಅವುಗಳ ಆಧಾರದಿಂದಲೇ. ಸತ್ಪ್ರರೂಪಣೆಯ 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಟಿಪ್ಪಣಿಯಲ್ಲಿ ಸೂಚಿಸಿದ್ದರಿಂದ ಎದ್ದ ಚರ್ಚೆ ಪಂಡಿತವರ್ಗಕ್ಕೆ ಸುವಿದಿತ. ಮುಂದೆ ತಾಡಪತ್ರವನ್ನೇ ನೋಡಿಸಿದಾಗ ಪದ ಅಲ್ಲಿರುವುದು ಗೊತ್ತಾಯಿತು. ಅರ್ಥನಿರ್ಣಯ ಬೇರೆ ಮಾತು, ಅದು ಭಾವವೇದ, ದ್ರವ್ಯವೇದಗಳ ವಿಚಾರ. ಆದರೆ ಪದವುಂಟೋ ಇಲ್ಲವೋ ಎಂಬ ಪ್ರಶ್ನೆಗೆ ಆ ಒಂದು ಓಲೆಯ ಒಂದು ಸ್ಪಷ್ಟ ಚಿತ್ರ ಎಲ್ಲರ ಕೈಯಲ್ಲಿದ್ದಿದ್ದರೆ ವರ್ಷಗಟ್ಟಲೆ ಲೇಖನಗಳು ಬೇಕಾಗುತ್ತಿರಲಿಲ್ಲ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಕೊಂಡಾಡುವ ಪರಂಪರೆ, ಓಲೆಯ ಚಿತ್ರವನ್ನು ಹಂಚಲು ಹಿಂಜರಿದರೆ ಅದಕ್ಕೆ ಸಮಾಧಾನ ಹೇಳುವುದು ಕಷ್ಟ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಜ್ಞಾನಾವರಣದ ಆಸ್ರವಕ್ಕೆ ಹೇಳುವ ಕಾರಣಗಳಲ್ಲಿ ನಿಹ್ನವ, ಮಾತ್ಸರ್ಯಗಳಿವೆ. ಅದೇ ಸಾಲಿನಲ್ಲಿ ಆಸಾದನವೂ ಉಪಘಾತವೂ ಇವೆ; ಬಾಗಿಲು ಮುಚ್ಚುವವರು ಮೊದಲ ಎರಡನ್ನೂ, ತಪ್ಪು ಹೆಸರಿಟ್ಟು ಏರಿಸುವವರು ಕಡೆಯ ಎರಡನ್ನೂ ಯೋಚಿಸಬೇಕು.

ಕೊಡುವ ಮುನ್ನ ಭಂಡಾರದ ಅಧಿಕಾರಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳುಂಟು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ಕೊಟ್ಟ ಮೇಲೆ ಹಿಂದಕ್ಕೆ ಪಡೆಯಲಾಗದು. ವಾಣಿಜ್ಯಕ್ಕೆ ಬಳಸಕೂಡದೆಂಬ ಷರತ್ತನ್ನು ಕಾಮನ್ಸ್ ಒಪ್ಪುವುದಿಲ್ಲ. ಶಿಲ್ಪದ ಚಿತ್ರದಲ್ಲಿ ಛಾಯಾಗ್ರಾಹಕರಿಗೆ ಸ್ವಾಮ್ಯವುಂಟು. ಸ್ವಾಮ್ಯ ಕಳೆದ ಓಲೆಯ ಯಥಾವತ್ತಾದ ಚಿತ್ರದಲ್ಲಿ ಹೊಸ ಸ್ವಾಮ್ಯ ಹುಟ್ಟುವುದಿಲ್ಲವೆಂಬ ನಿಲುವನ್ನು ಅಲ್ಲಿ ಅನುಸರಿಸುತ್ತಾರೆ. ಭಂಡಾರದ ಹೆಸರನ್ನು ಬಳಕೆದಾರರು ಉಲ್ಲೇಖಿಸುವುದು ಆಗ ಸೌಜನ್ಯ ಮಾತ್ರ, ಕಟ್ಟುಪಾಡಲ್ಲ. ಆದ್ದರಿಂದ ಹೆಸರು ಕಡತದ ಹೆಸರಿನಲ್ಲಿಯೂ ವಿವರಣೆಯಲ್ಲಿಯೂ, ಸಾಧ್ಯವಿದ್ದರೆ ಚಿತ್ರದೊಳಗೆ ಓಲೆಯ ಪಕ್ಕದಲ್ಲಿಟ್ಟ ಚೀಟಿಯಲ್ಲಿಯೂ ಇರುವುದು ಕ್ಷೇಮ.

ಲೋಹದ ಬಿಂಬಗಳ ವಿಚಾರ ಬೇರೆ. 2013ರಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದುದನ್ನು ಸಮಾಜ ಮರೆತಿಲ್ಲ. ಕಳುವಾದ ಬಿಂಬವನ್ನು ಗುರುತಿಸಲು ಮೊದಲೇ ತೆಗೆದ ಚಿತ್ರ ಅತ್ಯಗತ್ಯ. ಆದರೆ ಕಾವಲಿಲ್ಲದ ಹಳ್ಳಿಯ ಬಸದಿಯ ಅಕ್ಷಾಂಶ ರೇಖಾಂಶಗಳೊಡನೆ ಅದನ್ನು ಜಗತ್ತಿನ ಮುಂದಿಡುವುದು ವಿವೇಕವಲ್ಲ. ಕ್ಯಾಮೆರಾ ಇರುವ ಫೋನುಗಳು ಈ ಅಂಕಿಗಳನ್ನು ಚಿತ್ರದೊಳಗೆ ತಾವಾಗಿಯೇ ಸೇರಿಸುವುದುಂಟು. ಏರಿಸುವ ಮುನ್ನ ಅವನ್ನು ತೆಗೆಯಬೇಕು, ಅಥವಾ ಅಂಥ ಚಿತ್ರವನ್ನು ಸಂಸ್ಥೆಯ ಒಳಗಿನ ಸಂಗ್ರಹದಲ್ಲಿಯೇ ಇರಿಸಬೇಕು. ಕದಲಿಸಲಾಗದ ಶಿಲಾಶಾಸನಗಳ ಮಾತು ಹೀಗಲ್ಲ. ಅವುಗಳಿಗೆ ಅಂಕಿಗಳು ಇದ್ದಷ್ಟೂ ಒಳ್ಳೆಯದು. ರಸ್ತೆ ಅಗಲ ಮಾಡುವಾಗ ಕಲ್ಲು ಮಣ್ಣುಪಾಲಾದರೂ ಅದು ಯಾವ ಸಾವಳಗಿಯ ಯಾವ ಹೊಲದ ಅಂಚಿನಲ್ಲಿ ನಿಂತಿತ್ತೆಂಬುದಕ್ಕೆ ಆ ಎರಡು ಸಂಖ್ಯೆಗಳಷ್ಟೇ ಸಾಕ್ಷಿಯಾಗಿ ಉಳಿದಾವು.