ಸೀಸೆಯ ಕಳ್ಳ, ಸೀಸೆಯ ಒಡೆಯ

ಅಲಿಸ್ಟರ್ ಮೆಕ್ಲೀನ್ ನನಗೆ ಮೊದಲು ಸಿಕ್ಕಿದ್ದು ಶಿವಮೊಗ್ಗದ ಒಂದು ಬಾಡಿಗೆ ಪುಸ್ತಕದಂಗಡಿಯಲ್ಲಿ. ದಿನಕ್ಕೆ ನಾಲ್ಕಾಣೆ. ರಟ್ಟು ಕಿತ್ತುಹೋಗಿ ದಾರದಲ್ಲಿ ಹೊಲಿದ ಆ ಪುಸ್ತಕಗಳನ್ನು ಕಾಲೇಜಿನ ಪಠ್ಯದ ನಡುವೆ ಇಟ್ಟುಕೊಂಡು ಓದುತ್ತಿದ್ದೆವು. 'ದ ಸೇಟನ್ ಬಗ್' ಓದಿದಾಗ ವಿಲ್ಟ್‌ಶೈರ್ ಎನ್ನುವುದು ನನ್ನ ಪಾಲಿಗೆ ಬರೀ ಒಂದು ಹೆಸರು. ಈಗ ಅದೇ ವಿಲ್ಟ್‌ಶೈರ್‌ನಲ್ಲಿ ನನ್ನ ಮನೆಯಿದೆ, ಮಕ್ಕಳು ಇಲ್ಲೇ ಬೆಳೆದರು. ಸಾಲಿಸ್ಬರಿಯ ಚಾರಿಟಿ ಅಂಗಡಿಯೊಂದರಲ್ಲಿ ಅದೇ ಕಾದಂಬರಿ ಮತ್ತೆ ಕೈಗೆ ಸಿಕ್ಕಿತು. ಒಂದು ರಾತ್ರಿಯಲ್ಲಿ ಮುಗಿಸಿದೆ. ಮುಗಿಸಿದ ಮೇಲೆ ನಿದ್ದೆ ಬರಲಿಲ್ಲ, ಆದರೆ ಹಳೆಯ ಕಾರಣಕ್ಕಲ್ಲ.

1962ರಲ್ಲಿ ಈ ಪುಸ್ತಕ ಬಂದಾಗ ಮುಖಪುಟದ ಮೇಲೆ ಮೆಕ್ಲೀನ್ ಹೆಸರಿರಲಿಲ್ಲ. ತನ್ನ ಹೆಸರಿನ ಬಲವಿಲ್ಲದೆಯೂ ಕಥೆ ಓಡುತ್ತದೆಯೇ ಎಂದು ನೋಡಲು ಆತ ಇಯಾನ್ ಸ್ಟುವರ್ಟ್ ಎಂಬ ಹೆಸರಿನಲ್ಲಿ ಬರೆದ. ಕಥೆ ಸರಳ. ವಿಲ್ಟ್‌ಶೈರ್‌ನ ಮಾರ್ಡನ್ ಎಂಬ ಸರ್ಕಾರಿ ಸೂಕ್ಷ್ಮಾಣು ಸಂಶೋಧನಾ ಕೇಂದ್ರದಿಂದ ಸೀಸೆಗಳು ಕಳುವಾಗುತ್ತವೆ. ಕೆಲವುಗಳಲ್ಲಿ ಬಾಟುಲಿನಸ್ ವಿಷ, ಇನ್ನು ಕೆಲವುಗಳಲ್ಲಿ ಪೋಲಿಯೊ ವೈರಸ್ಸನ್ನು ತಿದ್ದಿ ಮಾಡಿದ, ಮದ್ದೇ ಇಲ್ಲದ 'ಸೈತಾನ'. ಅಲ್ಲಿನ ಭದ್ರತಾ ಕೆಲಸ ಬಿಟ್ಟಿದ್ದ ಪಿಯರ್ ಕ್ಯಾವೆಲ್‌ನನ್ನು ತನಿಖೆಗೆ ಕರೆಸುತ್ತಾರೆ. ಮಾರ್ಡನ್ ಎಂದರೆ ಯಾವುದು ಎಂದು ಇಲ್ಲಿನವರಿಗೆ ಹೇಳಬೇಕಿಲ್ಲ. ಸಾಲಿಸ್ಬರಿಯಿಂದ ಕೆಲವೇ ಮೈಲಿ ದೂರದಲ್ಲಿ, 1916ರಿಂದಲೂ ತಂತಿಬೇಲಿಯ ಹಿಂದೆ ಕುಳಿತಿರುವ ಪೋರ್ಟನ್ ಡೌನ್ ಎಲ್ಲರಿಗೂ ಗೊತ್ತು.

ಮೆಕ್ಲೀನ್‌ನ ಕಸುಬುದಾರಿಕೆಯನ್ನು ಒಪ್ಪಲೇಬೇಕು. ಮುಚ್ಚಿದ ಪ್ರಯೋಗಾಲಯದೊಳಗೆ ಗಾಳಿ ಕೆಟ್ಟಿದೆಯೋ ಇಲ್ಲವೋ ತಿಳಿಯದೆ, ರಕ್ಷಣಾ ಉಡುಪು ತೊಟ್ಟು, ಪಂಜರದಲ್ಲಿ ಒಂದು ಹ್ಯಾಮ್‌ಸ್ಟರ್ ಹಿಡಿದು ಕ್ಯಾವೆಲ್ ಒಳಹೋಗುವ ದೃಶ್ಯ ಇಂದಿಗೂ ಬೆರಳನ್ನು ಹಾಳೆಗೆ ಅಂಟಿಸುತ್ತದೆ. ಓದುಗನ ಕಣ್ಣೆಲ್ಲ ಆ ಪುಟ್ಟ ಪ್ರಾಣಿಯ ಮೇಲೆ. ಪೋಲಿಯೊವನ್ನೇ ಆರಿಸಿಕೊಂಡದ್ದೂ ಜಾಣತನ. ಬ್ರಿಟನ್ನಿನ ಮಕ್ಕಳಿಗೆ ಸಕ್ಕರೆ ಗಡ್ಡೆಯ ಮೇಲೆ ಪೋಲಿಯೊ ಹನಿ ಹಾಕಿ ಕೊಡಲು ಶುರುವಾದದ್ದು ಅದೇ 1962ರಲ್ಲಿ. ಆಗಷ್ಟೇ ಆರುತ್ತಿದ್ದ ಭಯವನ್ನು ಲೇಖಕ ಮತ್ತೆ ಊದಿ ಹೊತ್ತಿಸಿದ. ದೋಷಗಳೂ ಇವೆ. ಕ್ಯಾವೆಲ್‌ನ ಹೆಂಡತಿ ಮೇರಿಗೆ ಒತ್ತೆಯಾಳಾಗುವುದನ್ನು ಬಿಟ್ಟು ಹೆಚ್ಚಿನ ಕೆಲಸವಿಲ್ಲ. ಕಥೆ ಹೇಳುವ ಕ್ಯಾವೆಲ್ ತನಗೆ ಗೊತ್ತಿದ್ದುದನ್ನು ಓದುಗನಿಂದ ಮುಚ್ಚಿಡುತ್ತಾನೆ. ಇದು ಆಟದ ನಿಯಮ ಎಂದು ಬಿಟ್ಟುಬಿಡಬಹುದು.

ನನ್ನ ತಕರಾರು ಬೇರೆ. ಅದನ್ನು ಹೇಳಬೇಕಾದರೆ ಗುಟ್ಟು ಬಿಚ್ಚಲೇಬೇಕು. ಕಳ್ಳ ಮೊದಲು ಬೇಡುವುದು ಮಾರ್ಡನ್ನನ್ನು ನೆಲಸಮ ಮಾಡಬೇಕೆಂದು. ಇವನಾರೋ ತಲೆಕೆಟ್ಟ ಶಾಂತಿವಾದಿ ಎಂದು ಎಲ್ಲರೂ ನಂಬುತ್ತಾರೆ. ಕೊನೆಗೆ ನೋಡಿದರೆ ಅವನು ವಿಜ್ಞಾನಿಯ ವೇಷದಲ್ಲಿದ್ದ ಪಾತಕಿ. ರೋಗದ ಬೆದರಿಕೆ ಹಾಕಿ ಲಂಡನ್ನಿನ ನಡುಭಾಗವನ್ನು ಖಾಲಿ ಮಾಡಿಸಿ ಬ್ಯಾಂಕುಗಳನ್ನು ದೋಚುವುದು ಅವನ ಹುನ್ನಾರ. ಇಲ್ಲಿ ಒಂದು ಕೈಚಳಕ ನಡೆದಿದೆ. ಇಂಥ ಸೀಸೆ ಇರಬೇಕೇ ಎಂಬ ಪ್ರಶ್ನೆಯನ್ನು ಕಾದಂಬರಿ ಕಳ್ಳನ ಬಾಯಲ್ಲಿ ಇಡುತ್ತದೆ. ಕಳ್ಳನ ಕಥೆ ಮುಗಿದಾಗ ಪ್ರಶ್ನೆಯೂ ಅವನ ಜೊತೆಗೇ ಮುಗಿದುಹೋಗುತ್ತದೆ. ಸೀಸೆಯ ಒಡೆಯನನ್ನು ಯಾರೂ ಏನೂ ಕೇಳುವುದಿಲ್ಲ. ಕಾದಂಬರಿಯ ಆರಂಭದಲ್ಲಿ ಸರ್ಕಾರವು ಆಮಿಷ ಒಡ್ಡಿ ಕ್ಯಾವೆಲ್‌ನ ನಿಷ್ಠೆಯನ್ನು ಪರೀಕ್ಷಿಸುತ್ತದೆ. ಸರ್ಕಾರದ ನಿಷ್ಠೆಯನ್ನು ಪರೀಕ್ಷಿಸುವ ಅಧ್ಯಾಯ ಪುಸ್ತಕದಲ್ಲಿಲ್ಲ.

ಆ ಅಧ್ಯಾಯವನ್ನು ಚರಿತ್ರೆ ಬರೆದಿದೆ. 1942ರಲ್ಲಿ ಪೋರ್ಟನ್ ವಿಜ್ಞಾನಿಗಳು ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ದ್ವೀಪದಲ್ಲಿ ಕುರಿಗಳನ್ನು ಕಟ್ಟಿ ಆಂಥ್ರಾಕ್ಸ್ ಬಾಂಬು ಸಿಡಿಸಿದರು. ಕುರಿಗಳು ಸತ್ತವು, ದ್ವೀಪ ದಶಕಗಳ ಕಾಲ ಯಾರೂ ಕಾಲಿಡದಂತಾಯಿತು. 1981ರಲ್ಲಿ ತಮ್ಮನ್ನು 'ಡಾರ್ಕ್ ಹಾರ್ವೆಸ್ಟ್' ಎಂದು ಕರೆದುಕೊಂಡ ಗುಂಪೊಂದು, ಆ ದ್ವೀಪದ ಮಣ್ಣೆಂದು ಹೇಳಿ ಒಂದು ಪೊಟ್ಟಣವನ್ನು ಪೋರ್ಟನ್ ಡೌನ್ ಹೊರಗೆ ಇಟ್ಟುಹೋಯಿತು. ಪರೀಕ್ಷಿಸಿದಾಗ ಅದರಲ್ಲಿ ಆಂಥ್ರಾಕ್ಸ್ ಇತ್ತು. ಆ ಗುಂಪಿನ ಬೇಡಿಕೆ ಒಂದೇ: ದ್ವೀಪವನ್ನು ಶುದ್ಧಮಾಡಿ. ಮೆಕ್ಲೀನ್ ಕಥೆಯೇ ನಿಜವಾದಂತಿತ್ತು, ಆದರೆ ತಿರುಗುಮುರುಗಾಗಿ. ಇಲ್ಲಿ ಬೇಡಿಕೆಯ ಹಿಂದೆ ಬ್ಯಾಂಕಿರಲಿಲ್ಲ. ಅವರ ದಾರಿಯನ್ನು ನಾನು ಮೆಚ್ಚುವುದಿಲ್ಲ, ರೋಗದ ಮಣ್ಣನ್ನು ಹೊತ್ತು ತಿರುಗುವುದು ಹೊಣೆಗೇಡಿತನ. ಆದರೂ 1986ರಲ್ಲಿ ಸಮುದ್ರದ ನೀರಿಗೆ 280 ಟನ್ ಫಾರ್ಮಾಲ್ಡಿಹೈಡ್ ಬೆರೆಸಿ ದ್ವೀಪಕ್ಕೆ ಹಾಯಿಸಿದರು. 1990ರಲ್ಲಿ ಅದು ಸುರಕ್ಷಿತವೆಂದು ಘೋಷಣೆಯಾಯಿತು.

ಇನ್ನೊಂದು ಸಂಗತಿ ನಮಗೆ ಇನ್ನೂ ಹತ್ತಿರದ್ದು. 1963ರ ಜುಲೈನಲ್ಲಿ, ಅಂದರೆ ಕಾದಂಬರಿ ಬಂದ ಮರುವರ್ಷ, ಲಂಡನ್ನಿನ ನಾರ್ದರ್ನ್ ಲೈನ್ ರೈಲಿನ ಕಿಟಕಿಯಿಂದ ಪೋರ್ಟನ್ನಿನವರು ಬ್ಯಾಕ್ಟೀರಿಯಾ ಬೀಜಾಣುಗಳ ಪುಡಿಯನ್ನು ಎಸೆದರು. ಕಾಲಿಯರ್ಸ್ ವುಡ್ ಮತ್ತು ಟೂಟಿಂಗ್ ಬ್ರಾಡ್‌ವೇ ನಡುವೆ ಬಿದ್ದ ಪುಡಿ, ಸುಮಾರು ಹತ್ತು ಮೈಲಿ ದೂರದ ಕ್ಯಾಮ್ಡನ್ ಟೌನ್‌ವರೆಗೂ ಪತ್ತೆಯಾಯಿತು. ಟೂಟಿಂಗ್ ಎಂದರೆ ಲಂಡನ್ನಿನ ದಕ್ಷಿಣ ಭಾರತೀಯರು ಭಾನುವಾರ ಮಸಾಲೆದೋಸೆ ಹುಡುಕಿಕೊಂಡು ಹೋಗುವ ಜಾಗ. ಆ ಬ್ಯಾಕ್ಟೀರಿಯಾ ನಿರುಪದ್ರವಿ ಎಂದು ಅವರು ನಂಬಿದ್ದರು. ಶತ್ರು ಹೀಗೆ ಮಾಡಿದರೆ ಏನಾದೀತು ಎಂದು ತಿಳಿಯುವ ಉದ್ದೇಶ ಸುಳ್ಳೇನಲ್ಲ. ಆದರೆ ಆ ಗಾಳಿ ಉಸಿರಾಡಿದ ಒಬ್ಬ ಪ್ರಯಾಣಿಕನಿಗೂ ಹೇಳಿರಲಿಲ್ಲ.

ರೋಚಕ ಕಾದಂಬರಿಯಿಂದ ಚರಿತ್ರೆಯನ್ನು ಬೇಡುವುದು ಸರಿಯೇ ಎಂದು ನೀವು ಕೇಳಬಹುದು. ಮೆಕ್ಲೀನ್ ಮನರಂಜನೆಗೆ ಬರೆದ, ಅದನ್ನು ಚೆನ್ನಾಗಿ ಮಾಡಿದ. ಒಪ್ಪಿದೆ. ಆದರೆ ಇಂಥ ಕಥೆಗಳು ನಮಗೆ ಒಂದು ಅಭ್ಯಾಸ ಕಲಿಸುತ್ತವೆ: ರೋಗ ಬಂದರೆ ಅದಕ್ಕೊಬ್ಬ ಕಳ್ಳ ಇರಲೇಬೇಕು. 1957ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರೂ ಸತ್ತರು. ವೈರಸ್ ರಷ್ಯಾದ ಒಂದು ಉಣ್ಣೆಜ್ವರದ ವೈರಸ್ಸಿನ ಬಂಧು ಎಂದು ತಿಳಿದಾಗ, ವಲಸೆ ಹಕ್ಕಿಗಳು ತಂದಿರಬಹುದೇ ಎಂಬ ಪ್ರಶ್ನೆ ಎದ್ದಿತು. ಮುಂದೆ ಭಾರತದಲ್ಲಿ ನಡೆದ ಹಕ್ಕಿ ವಲಸೆಯ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣ ಬಂದಿತ್ತೆಂದು ತಿಳಿದಾಗ ಸಂಶಯ ದೆಹಲಿಯ ಸಂಸತ್ತಿನವರೆಗೂ ಹೋಯಿತು. ಆದರೆ ಮಂಗನ ಕಾಯಿಲೆಯನ್ನು ಯಾರೂ ಸೀಸೆಯಲ್ಲಿ ತಂದಿರಲಿಲ್ಲ. ಅದು ಕಾಡಿನ ಉಣ್ಣೆಗಳಲ್ಲಿತ್ತು. ಕಾಡು ಕಡಿದು, ದನ ಮೇಯಿಸಿ, ನಾವೇ ಅದರ ಹತ್ತಿರ ಹೋಗಿದ್ದೆವು.

ಹಾಗೆಂದು ಸಂಶಯಪಟ್ಟವರನ್ನು ನಗೆಯಾಡುವಂತಿಲ್ಲ. ಹಣ ಎಲ್ಲಿಂದ ಬಂತೆಂದು ಮೊದಲೇ ಜನರಿಗೆ ಹೇಳಿದ್ದರೆ ಕಥೆಗಳು ಅಷ್ಟು ಬೆಳೆಯುತ್ತಿರಲಿಲ್ಲ. ಕೊರೋನಾ ಕಾಲದಲ್ಲಿ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ, ಬೆಂಗಳೂರಿನ ಚಿಕ್ಕಪ್ಪನಿಂದ ಬರ್ಮಿಂಗ್‌ಹ್ಯಾಮಿನ ಗೆಳೆಯನವರೆಗೆ, ಎಲ್ಲರೂ ಒಬ್ಬೊಬ್ಬ ಮೆಕ್ಲೀನ್ ಆಗಿದ್ದನ್ನು ನೋಡಿದ್ದೇವೆ. ಸರ್ಕಾರ ನಿರಪರಾಧಿ ಎನ್ನುವ ಕಾದಂಬರಿಯೂ, ಎಲ್ಲವೂ ಒಳಸಂಚು ಎನ್ನುವ ವಾಟ್ಸಾಪ್ ಸಂದೇಶವೂ ಒಂದೇ ಅಚ್ಚಿನವು. ಎರಡಕ್ಕೂ ಬೇಕಾದದ್ದು ಒಂದು ಮುಖ. ಮುಖ ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚಬಹುದು.

ಮುಚ್ಚಬಾರದ ಪುಸ್ತಕ ಇನ್ನೊಂದಿದೆ. 1972ರ ಜೈವಿಕ ಅಸ್ತ್ರಗಳ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಮಾತಿಗೆ ತಕ್ಕಂತೆ ನಡೆಯುತ್ತಿವೆಯೇ ಎಂದು ಹೋಗಿ ತಪಾಸಣೆ ಮಾಡುವ ವ್ಯವಸ್ಥೆ ಅದರಲ್ಲಿಲ್ಲ. ಸೀಸೆಯಲ್ಲಿ ಏನಿದೆ, ಯಾರ ಅನುಮತಿಯಿಂದ, ಸುತ್ತಲಿನವರಿಗೆ ತಿಳಿಸಿದ್ದಾರೆಯೇ ಎಂದು ಕೇಳಲು ಕ್ಯಾವೆಲ್‌ನಂಥ ಸಾಹಸಿ ಬೇಕಿಲ್ಲ. ತೆರಿಗೆ ಕಟ್ಟುವ, ಆ ಬೇಲಿಯ ಪಕ್ಕದ ರಸ್ತೆಯಲ್ಲಿ ದಿನವೂ ಕಾರು ಓಡಿಸುವ ನನ್ನಂಥವನು ಸಾಕು.

'ದ ಸೇಟನ್ ಬಗ್' ಸಿಕ್ಕರೆ ಖಂಡಿತ ಓದಿ. ಕಳ್ಳ ಸಿಕ್ಕ ಮೇಲೆ ಉಳಿದ ಸೀಸೆಗಳನ್ನು ಎಲ್ಲಿಗೆ ವಾಪಸು ಒಯ್ದರು ಎಂದು ಮಾತ್ರ ಒಮ್ಮೆ ಕೇಳಿಕೊಳ್ಳಿ.