ಅಡುಗೆಯ ಪುಟ ಯಾರದು?

ನ್ಯೂಯಾರ್ಕಿನ ಪಾಕಪತ್ರಿಕೆ 'ಬಾನ್ ಅಪೆಟೀ'ಯ ಸಂಪಾದಕರು, ಬಿಳಿಯರಲ್ಲದ ಸಿಬ್ಬಂದಿಗೆ ಸಮಾನ ಸಂಬಳವಿಲ್ಲವೆಂಬ ದೂರುಗಳ ನಡುವೆ 2020ರಲ್ಲಿ ರಾಜೀನಾಮೆಯಿತ್ತರು. ಅದನ್ನೋದಿ ತಲೆದೂಗಿದ ನಾವು ನಮ್ಮ ಪಂಕ್ತಿಯನ್ನೂ ನೋಡಿಕೊಳ್ಳಬೇಡವೆ?

1951ರಲ್ಲಿ ಇದೇ ಮದರಾಸಿನಲ್ಲಿ ಹೊರಬಂದ ಎಸ್. ಮೀನಾಕ್ಷಿ ಅಮ್ಮಾಳರ 'ಸಮೈತ್ತುಪ್ ಪಾರ್' ಅಚ್ಚುಕಟ್ಟಾದ ಕೃತಿ. ಆದರೆ ಅದು ಬ್ರಾಹ್ಮಣರ ಮನೆಯ ಅಡುಗೆ. ಅದನ್ನೇ ನಾಡಿನ ಅಡುಗೆಯೆಂದುಕೊಂಡದ್ದು ಓದುಗರ ತಪ್ಪು. ಉಡುಪಿ ಹೋಟೆಲಿನ ಸಾಂಬಾರನ್ನೇ ಕನ್ನಡದ ರುಚಿಯೆಂದು ನಾವೂ ಬರೆಯುತ್ತ ಬಂದೆವು.

ಶಾಹು ಪಾಟೋಳೆಯವರ ಮರಾಠಿ ಪುಸ್ತಕ 'ಅನ್ನ ಹೇ ಅಪೂರ್ಣಬ್ರಹ್ಮ' (2015) ಮರಾಠವಾಡದ ಮಹಾರ್, ಮಾಂಗ್ ಮನೆಗಳ ಒಲೆಯ ಮುಂದೆ ನಮ್ಮನ್ನು ಕೂರಿಸುತ್ತದೆ. 'ಪೂರ್ಣ'ಕ್ಕೆ ಸೇರಿಸಿದ ಒಂದು ಅಕಾರದಲ್ಲೇ ಅದರ ವಾದವೆಲ್ಲ ಅಡಗಿದೆ. ಸಂಪಾದಕರ ಕುರ್ಚಿಯಲ್ಲಿ ಒಂದೇ ಪಂಕ್ತಿಯವರು ಕೂತರೆ ಉಳಿದವರ ಊಟ ಪುಟಕ್ಕೆ ಬರುವುದೆಂತು? ಮುಂದಿನ ವಿಶೇಷಾಂಕಕ್ಕೆ ಅಡುಗೆ ಬರೆಸುವಾಗಲಾದರೂ ನಾವು ಹೊಸ ಮನೆಗಳ ಬಾಗಿಲು ತಟ್ಟೋಣ.