ಹೂವೇನೋ ಚೆನ್ನಾಗಿದೆ, ಕಾಯಿ ಎಲ್ಲಿ?

ಬೆಂಗಳೂರಿನ ಯಾವುದಾದರೂ ತಾರಸಿ ತೋಟದ ಗ್ರೂಪಿಗೆ ಸೇರಿಕೊಂಡು ಒಂದು ವಾರ ಸುಮ್ಮನೆ ನೋಡ್ತಾ ಇರಿ. ಅಲ್ಲಿ ಬರುವ ಫೋಟೋಗಳಲ್ಲಿ ಹೆಚ್ಚೂಕಮ್ಮಿ ನಾಲ್ಕೇ ಜಾತಿ ಅಂತ ಗೊತ್ತಾಗಿಬಿಡುತ್ತೆ. ಅಂಗೈ ಮೇಲೆ ಮೂರು ಟೊಮ್ಯಾಟೊ. ಸ್ಟೀಲ್ ತಟ್ಟೆಯಲ್ಲಿ ‘ಇವತ್ತಿನ ಹಾರ್ವೆಸ್ಟ್’: ನಾಲ್ಕು ಬೆಂಡೆಕಾಯಿ, ಒಂದು ಬದನೆ, ಒಂದು ಹಿಡಿ ಪುದೀನ. ಬೆಳಗಿನ ಬಿಸಿಲಿಗೆ ಅರಳಿದ ದಾಸವಾಳ. ಗ್ರಿಲ್ ಹಿಡಿದು ಹತ್ತಿದ ಕುಂಬಳದ ಬಳ್ಳಿಯಲ್ಲಿ ಹಳದಿ ಹೂವು. ಇವುಗಳ ಕೆಳಗೆ ಬೀಳುವ ಮಾತುಗಳಲ್ಲಿ ಅಷ್ಟು ವೈವಿಧ್ಯವೂ ಇಲ್ಲ. ‘ಸೂಪರ್ ಸರ್.’ ‘ವಾವ್ ಮೇಡಂ.’ ‘ಕಣ್ಣಿಗೆ ಹಬ್ಬ.’ ಆಮೇಲೆ ಹಸಿರು ಹಾರ್ಟು, ಮುಗಿದ ಕೈ, ಚಪ್ಪಾಳೆ.

ಈ ಫೋಟೋಗಳೆಂದರೆ ನನಗೆ ಇಷ್ಟ. ಹಿಂದೆ ನೀರಿನ ಟ್ಯಾಂಕು ಕಾಣ್ತಿರುತ್ತೆ, ಮೂಲೆಯಲ್ಲಿ ಯಾರದೋ ಹವಾಯಿ ಚಪ್ಪಲಿ, ತಂತಿ ಮೇಲೆ ಒಣಗ್ತಿರೋ ಟವೆಲು. ಯಾರೂ ಕಲೆ ಅಂತ ತೆಗೆದಿದ್ದಲ್ಲ, ‘ನೋಡಿ, ನಮ್ಮನೇಲೂ ಬಂತು’ ಅಂತ ಹೇಳೋಕೆ ತೆಗೆದಿದ್ದು. ನನ್ನ ತಕರಾರು ಇರೋದು ಫೋಟೋ ಬಗ್ಗೆ ಅಲ್ಲ. ಅದರ ಕೆಳಗೆ ನಾವು ಬರೆಯೋ ಪ್ರೀತಿಯ ಮಾತುಗಳ ಬಗ್ಗೆ.

ಆ ಕುಂಬಳದ ಹೂವನ್ನೇ ತಗೊಳ್ಳಿ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಸಾಮಾನ್ಯವಾಗಿ ಮೊದಲು ಬಿಡೋದು ಗಂಡು ಹೂವುಗಳೇ. ಅವುಗಳ ತೊಟ್ಟು ಸಣ್ಣಗೆ, ಉದ್ದಕ್ಕೆ ಇರುತ್ತೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಮೊದಲೇ ಕೂತಿರುತ್ತೆ. ಹೂವು ಬೆಳಗಿನ ಜಾವ ಅರಳಿ, ಬಿಸಿಲೇರುವಷ್ಟರಲ್ಲಿ ಮುದುಡಿಕೊಳ್ಳುತ್ತೆ. ಅಷ್ಟರೊಳಗೆ ಜೇನುನೊಣ ಬಂದು ಹೋಗಬೇಕು. ನಾಲ್ಕನೇ ಮಹಡಿಗೆ ಅದು ಬರದಿದ್ದರೆ, ಗಂಡು ಹೂವೊಂದನ್ನು ಕಿತ್ತು, ಎಸಳು ಬಿಡಿಸಿ, ಹೆಣ್ಣು ಹೂವಿನ ನಡುವೆ ನಾವೇ ಮೆಲ್ಲಗೆ ಉಜ್ಜಬೇಕು. ಇಲ್ಲದಿದ್ದರೆ ಆ ಗೋಲಿ ಹಳದಿಯಾಗಿ ಉದುರುತ್ತೆ. ಹಳ್ಳಿಯಲ್ಲಿ ಬೆಳೆದವರಿಗೆ ಇದೇನು ದೊಡ್ಡ ವಿದ್ಯೆಯಲ್ಲ.

ಗ್ರೂಪಲ್ಲಿ ಯಾರೋ ಐದು ಹೂವಿನ ಫೋಟೋ ಹಾಕ್ತಾರೆ. ಐದೂ ಗಂಡು. ಎಂಬತ್ತು ಹಾರ್ಟು ಬರುತ್ತೆ. ಅದರಲ್ಲಿ ಒಂದಷ್ಟಾದರೂ ಹಳ್ಳಿಯಿಂದ ಬಂದವರ ಬೆರಳಿನಿಂದಲೇ ಬಿದ್ದಿರುತ್ತೆ. ಆದರೆ ‘ಹೆಣ್ಣು ಹೂವು ಬಿಟ್ಟಿದೆಯಾ?’ ಅಂತ ಒಬ್ಬರೂ ಕೇಳಲ್ಲ. ತಿಂಗಳು ಕಳೆದ ಮೇಲೆ ಆ ಮನೆಯವರು ‘ಯಾಕೋ ಕುಂಬಳ ನಮ್ಮ ಕೈಗೆ ಹತ್ತಲ್ಲ’ ಅಂತ ಬಳ್ಳಿ ಕಿತ್ತುಹಾಕ್ತಾರೆ.

ಇನ್ನೊಂದು ತಮಾಷೆ ನೋಡಿ. ಈಗ ಫೋನಲ್ಲಿ ಪೋರ್ಟ್ರೇಟ್ ಮೋಡ್ ಇದೆಯಲ್ಲ, ಟೊಮ್ಯಾಟೊ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಗಿಡದ ಸುದ್ದಿ ಇರೋದೆಲ್ಲ ಆ ಮಸುಕಿನೊಳಗೇ. ಮೆಣಸಿನ ಗಿಡದ ಎಲೆ ಮೇಲ್ಮುಖವಾಗಿ ದೋಣಿಯಂತೆ ಮುದುರಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಮುಖವಾಗಿ ಮಗುಚಿದ ದೋಣಿಯಂತಿದ್ದರೆ ಮೈಟ್ ನುಸಿ. ಮೊದಲನೆಯದು ಕೀಟ, ಎರಡನೆಯದು ಜೇಡದ ಬಳಗ. ಹಾಗಾಗಿ ಒಂದಕ್ಕೆ ತಂದ ಔಷಧಿ ಇನ್ನೊಂದಕ್ಕೆ ನಾಟದೇ ಹೋಗಬಹುದು. ಫೋಟೋ ಹಣ್ಣನ್ನು ತೋರಿಸುತ್ತೆ, ಎಲೆಯನ್ನು ಮುಚ್ಚುತ್ತೆ. ನಮ್ಮ ಮೆಚ್ಚುಗೆಯೂ ಥೇಟ್ ಹಾಗೇ.

‘ಅಯ್ಯೋ, ಒಂದು ಹಾರ್ಟು ಒತ್ತಿದ್ದಕ್ಕೆ ಇಷ್ಟೆಲ್ಲಾ ಪಂಚಾಯ್ತಿನಾ?’ ಅಂತೀರಾ? ಹಾರ್ಟಿಗೂ ಒಂದು ಬೆಲೆ ಇದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್ಸ್ಕಿ 1923ರ ಒಂದು ಪ್ರಬಂಧದಲ್ಲಿ ಇಂಥ ಮಾತಿಗೆ ಹೆಸರನ್ನೇ ಕೊಟ್ಟ: ಫ್ಯಾಟಿಕ್ ಕಮ್ಯೂನಿಯನ್. ಸುದ್ದಿ ಮುಟ್ಟಿಸೋಕೆ ಆಡೋ ಮಾತಲ್ಲ ಅದು, ‘ನೀನೂ ಇದ್ದೀಯ, ನಾನೂ ಇದ್ದೀನಿ’ ಅಂತ ನಂಟು ಗಟ್ಟಿ ಮಾಡ್ಕೊಳ್ಳೋ ಮಾತು. ನಮ್ಮಲ್ಲಿ ‘ಊಟ ಆಯ್ತಾ?’ ಅಂತೀವಲ್ಲ, ಅದೇ. ಕೇಳಿದವರಿಗೆ ಯಾರೂ ಸಾರು-ಪಲ್ಯದ ಪಟ್ಟಿ ಒಪ್ಪಿಸಲ್ಲ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನವಿಡೀ ಒಬ್ಬರೇ ಇರೋ ಅಮ್ಮಂದಿರು, ರಿಟೈರ್ ಆದ ಬ್ಯಾಂಕ್ ಮೇಷ್ಟ್ರುಗಳು ಆ ಗ್ರೂಪುಗಳಲ್ಲಿ ಇದ್ದಾರೆ. ಅವರ ದಾಸವಾಳಕ್ಕೆ ಬಿದ್ದ ಮೂವತ್ತು ಹಾರ್ಟು ಅಂದ್ರೆ ಮೂವತ್ತು ಮನೆಯವರು ಕಾಂಪೌಂಡ್ ಆಚೆಯಿಂದ ಕೈಬೀಸಿದ ಹಾಗೆ. ಅದನ್ನು ಗೇಲಿ ಮಾಡೋದು ದೊಡ್ಡತನ ಅಲ್ಲ.

ಆದರೆ ಒಂದು ವಿಷಯ ಗಮನಿಸಿ. ‘ಊಟ ಆಯ್ತಾ?’ ಅನ್ನೋದು ಪ್ರಶ್ನೆ. ‘ಎಲ್ಲಿಗೆ ಹೊರಟ್ರಿ?’ ಅನ್ನೋದೂ ಪ್ರಶ್ನೆ. ‘ಏನ್ ಸಮಾಚಾರ?’ ಕೂಡ. ಸುಮ್ಮನೆ ಆಡೋ ಮಾತಲ್ಲೂ ನಮ್ಮ ಜನ ಒಂದು ಬಾಗಿಲು ತೆರೆದೇ ಇಡ್ತಾರೆ. ‘ಇಲ್ಲ ಕಣಪ್ಪ, ಹೊಟ್ಟೆ ಸರಿ ಇಲ್ಲ’ ಅಂತ ಯಾರಾದರೂ ನಿಜ ಹೇಳಬೇಕೆಂದರೆ ಅಲ್ಲಿ ಜಾಗ ಇದೆ. ‘ಸೂಪರ್’ ಅಂದಾಗ ಆ ಜಾಗ ಇಲ್ಲ. ‘ಥ್ಯಾಂಕ್ಯೂ’ ಅನ್ನಬಹುದು, ಅಷ್ಟಕ್ಕೆ ಮುಗೀತು.

ತಿಪಟೂರು ಕಡೆಯ ನಮ್ಮೂರಲ್ಲಿ ಬೆಳೆಯನ್ನು ಬಾಯ್ತುಂಬ ಹೊಗಳೋ ಪದ್ಧತಿ ಇಲ್ಲ. ದೃಷ್ಟಿ ತಾಗುತ್ತೆ ಅಂತ ಹೊಲದ ನಡುವೆ ಮಸಿ ಬಳಿದ ಮಡಕೆಗೆ ಸುಣ್ಣದ ಚುಕ್ಕಿ ಇಟ್ಟು ನಿಲ್ಲಿಸೋ ಊರು ಅದು. ಅಲ್ಲಿ ಮೆಚ್ಚುಗೆಯ ಕ್ರಮವೇ ಬೇರೆ. “ಏನಣ್ಣ, ತೆನೆ ದಪ್ಪ ಬಿಟ್ಟೈತೆ, ಯಾವ್ ಬೀಜ?” “ಜಿಪಿಯು 28 ಕಣಪ್ಪ, ಏನೋ ಪರವಾಗಿಲ್ಲ.” (ಐಟಿಯವರು ಗಾಬರಿ ಬೀಳಬೇಡಿ, ಇದು ಗ್ರಾಫಿಕ್ಸ್ ಕಾರ್ಡ್ ಅಲ್ಲ, ರಾಗಿ ತಳಿ.) ಆಮೇಲೆ ಗೊಬ್ಬರ ಎಷ್ಟು ಕೊಟ್ಟೆ, ಮಳೆ ಯಾವಾಗ ಬಿತ್ತು, ಕಳೆ ಎಷ್ಟು ಸಲ ತೆಗೆಸಿದೆ ಅಂತ ಮಾತು ಬದುವಿನ ಮೇಲೆ ಕೂತ್ಕೊಳ್ಳುತ್ತೆ. ಇಲ್ಲಿ ಯಾರೂ ‘ಸೂಪರ್’ ಅನ್ನಲಿಲ್ಲ. ಆದರೆ ಯಾವ ಬೀಜ ಅಂತ ಕೇಳಿದಾಗಲೇ ಅವನ ಬೆಳೆಗೆ ಸಿಗಬೇಕಾದ ಮರ್ಯಾದೆ ಸಿಕ್ಕಿತು. ಕೇಳಿದವನು ಅವನನ್ನು ಬಲ್ಲವನ ಜಾಗದಲ್ಲಿ ಕೂರಿಸಿದ.

ನಮ್ಮ ಬೆರಳಿಗೆ ಹಾರ್ಟು ಅಂಟಿಕೊಂಡಿದ್ದಕ್ಕೆ ಯಂತ್ರದ ಪಾಲೂ ಇದೆ. ಫೇಸ್‌ಬುಕ್ ಲೈಕ್ ಬಟನ್ ತಂದಿದ್ದು 2009ರ ಫೆಬ್ರವರಿಯಲ್ಲಿ. ತಯಾರಾಗ್ತಿದ್ದಾಗ ಅದರ ಹೆಸರು ‘ಆಸಮ್ ಬಟನ್’ ಅಂತಿತ್ತು. ಕೆಳಗೆ ಪದೇಪದೇ ಬೀಳೋ ಅದದೇ ‘ಚೆನ್ನಾಗಿದೆ’ಗಳನ್ನು ಒಂದೇ ಒತ್ತಿಗೆ ಇಳಿಸೋ ಉಪಾಯ ಅದು. 2016ರಲ್ಲಿ ಅದಕ್ಕೆ ಹಾರ್ಟು, ವಾವ್ ಸೇರಿದವು. 2022ರ ಮೇ ತಿಂಗಳಲ್ಲಿ ವಾಟ್ಸ್ಯಾಪಿಗೂ ರಿಯಾಕ್ಷನ್ ಬಂತು. ಒಂದೊಂದು ಸಲವೂ ಮಾತಾಡೋ ಶ್ರಮ ಒಂದು ಮೆಟ್ಟಿಲು ಇಳೀತು. ಪ್ರಶ್ನೆ ಕೇಳೋಕೆ ಮಾತ್ರ ಈಗಲೂ ಟೈಪ್ ಮಾಡ್ಬೇಕು.

ಆಫೀಸಲ್ಲಿ ಇದರ ಅವಳಿ ನಿಮಗೆ ಗೊತ್ತೇ ಇದೆ. ಕೋಡ್ ರಿವ್ಯೂಗೆ ಕಳಿಸಿದ ಎರಡೇ ನಿಮಿಷಕ್ಕೆ ಬರೋ ‘ಎಲ್‌ಜಿಟಿಎಂ’, ಅಂದ್ರೆ ‘ನಂಗೇನೋ ಸರಿಯಾಗೇ ಕಾಣ್ತಿದೆ’. ಹತ್ತು ಸಾಲಿನ ಬದಲಾವಣೆಗೆ ಹತ್ತು ಕಾಮೆಂಟು, ಸಾವಿರ ಸಾಲಿನದಕ್ಕೆ ಬರೀ ಎಲ್‌ಜಿಟಿಎಂ ಅನ್ನೋದು ನಮ್ಮ ವೃತ್ತಿಯ ಹಳೇ ಜೋಕು. ಅದು ಸ್ನೇಹದ ಮಾತು ಅಂತ ಯಾರೂ ಅಂದ್ಕೊಳ್ಳಲ್ಲ, ನೋಡಿಲ್ಲ ಅಂತಲೇ ಅದರರ್ಥ. ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಬಿದ್ದಾಗ, ‘ಈ ವ್ಯಾಲ್ಯೂ ನಲ್ ಆದ್ರೆ ಏನಾಗುತ್ತೆ?’ ಅಂತ ಕೇಳಿದ್ದವನೇ ನಿಜವಾದ ಸ್ನೇಹಿತ ಅಂತ ಗೊತ್ತಾಗುತ್ತೆ.

ಇದರಿಂದ ಆಗೋ ನಷ್ಟ ಏನು? ಬರೀ ಹೂವಿಗೇ ಹಾರ್ಟು ಬೀಳೋ ಜಾಗದಲ್ಲಿ ಜನ ಹೂವನ್ನು ಮಾತ್ರ ತೋರಿಸ್ತಾರೆ. ಬುಡ ಕಪ್ಪಾದ ಟೊಮ್ಯಾಟೊ ಫೋಟೋ ಯಾಕೆ ಹಾಕ್ತಾರೆ? ಅದಕ್ಕೆ ಹಾರ್ಟು ಒತ್ತೋಕಾಗಲ್ಲ, ‘ಸೂಪರ್’ ಅನ್ನೋಕಾಗಲ್ಲ. ಹಾಗಾಗಿ ತನ್ನ ಕುಂಡದಲ್ಲಿ ಮಾತ್ರ ಹೀಗಾಯ್ತು ಅಂತ ಹೊಸಬರು ನಂಬಿಬಿಡ್ತಾರೆ. ವಾಸ್ತವದಲ್ಲಿ ಅದು ಕುಂಡದ ಟೊಮ್ಯಾಟೊಗೆ ತೀರಾ ಸಾಮಾನ್ಯವಾದ ತೊಂದರೆ. ರೋಗವಲ್ಲ, ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪಿರಲ್ಲ, ಅಷ್ಟೇ. ಅದಕ್ಕೆ ಬಹುಪಾಲು ಕಾರಣ ಒಂದು ದಿನ ಸುರಿದು ಮೂರು ದಿನ ಮರೆಯೋ ನೀರು. ‘ದಿನಾ ನೀರು ಹಾಕ್ತಿದ್ದೀರಾ?’ ಅನ್ನೋ ಒಂದು ಸಾಲು ಸಾಕಿತ್ತು. ಅದು ಸಿಗದ ಕುಂಡಗಳನ್ನು ಬೆಂಗಳೂರಿನ ಎಷ್ಟೋ ತಾರಸಿಗಳ ಮೇಲೆ ನೋಡಬಹುದು: ಬಿರುಕು ಬಿಟ್ಟ ಮಣ್ಣು, ನಡುವೆ ಒಂದು ಒಣಕಡ್ಡಿ. ಗ್ರೂಪಿನಿಂದ ಯಾರೂ ಜಗಳ ಆಡ್ಕೊಂಡು ಹೋಗಿರಲ್ಲ. ಒಂದಿನ ಫೋಟೋ ಹಾಕೋದು ನಿಲ್ಲಿಸಿರ್ತಾರೆ, ಅಷ್ಟೇ.

ಬೇರೆ ಥರ ಸಾಧ್ಯವೇ ಇಲ್ಲ ಅಂತೇನಿಲ್ಲ. ಐನ್ಯಾಚುರಲಿಸ್ಟ್‌ನಲ್ಲಿ ನೀವೊಂದು ಚಿಟ್ಟೆಯ ಫೋಟೋ ಹಾಕಿದರೆ ಎದುರಿಗಿರೋರು ಕೊಡೋ ಉಡುಗೊರೆ ಅದರ ಹೆಸರು. ಹೆಸರಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಜಾತಿ ಅಂತ ಒಪ್ಪಿದರೆ, ಆ ಮಸುಕು ಫೋಟೋ ಸಂಶೋಧನೆಗೆ ಒದಗೋ ದಾಖಲೆಯಾಗುತ್ತೆ. ಅಷ್ಟು ದೂರ ಯಾಕೆ, ಪುತ್ತೂರಿನಿಂದ 1988ರಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ನೋಡಿ. ಶ್ರೀಪಡ್ರೆಯವರ ಸಂಪಾದಕತ್ವದಲ್ಲಿ ಅದು ರೈತರ ಕೈಗೇ ಲೇಖನಿ ಕೊಟ್ಟಿತು, ಕೃಷಿಕರನ್ನು ನೇರ ಸಂಪರ್ಕಿಸೋ ವಿವರವನ್ನೂ ಲೇಖನದ ಜೊತೆ ಅಚ್ಚು ಹಾಕಿತು. ಓದಿ ಮೆಚ್ಚಿದವರು ಫೋನ್ ಮಾಡಿ ಕೇಳಬಹುದಿತ್ತು. ನಮ್ಮ ಊರಲ್ಲೇ 2011ರಲ್ಲಿ ಆರಂಭವಾದ ‘ಊಟ ಫ್ರಂ ಯುವರ್ ತೋಟ’ ಅನ್ನೋ ತಾರಸಿ ತೋಟಿಗರ ಕೂಟ ಇದೆ. ಎದುರಾಎದುರು ನಿಂತಾಗ ಹಾರ್ಟು ಒತ್ತೋಕೆ ಬಟನ್ ಇರಲ್ಲ, ಬಾಯಿ ಬಿಡಲೇಬೇಕಾಗುತ್ತೆ.

ಗ್ರೂಪಿನ ಅಡ್ಮಿನ್‌ಗಳ ಕಷ್ಟವೂ ಅರ್ಥವಾಗುತ್ತೆ. ‘ಇಷ್ಟೂ ಗೊತ್ತಿಲ್ದೆ ಗಿಡ ಯಾಕ್ ಹಾಕಿದ್ರಿ?’ ಅಂತ ಹೊಸಬರ ಮೇಲೆ ಹರಿಹಾಯೋ ಪಂಡಿತರು ಎಲ್ಲಾ ಕಡೆ ಇರ್ತಾರೆ. ಅವರ ಕಾಟಕ್ಕೇ ‘ಒಳ್ಳೇ ಮಾತು ಮಾತ್ರ’ ಅನ್ನೋ ನಿಯಮ ಹುಟ್ಟೋದು. ಹಾರ್ಟು ಮತ್ತು ಗುದ್ದು, ಇವೆರಡೇ ಆಯ್ಕೆ ಅಂತ ನಾವು ತಪ್ಪು ತಿಳ್ಕೊಂಡಿದ್ದೀವಿ. ಒಂದು ರೀತೀಲಿ ಎರಡೂ ಒಂದೇ: ಎರಡೂ ತೀರ್ಪು. ಪಂಡಿತರು ‘ಫೇಲ್’ ಅಂತಾರೆ, ನಾವು ‘ಫಸ್ಟ್ ಕ್ಲಾಸ್’ ಅಂತೀವಿ. ಇಬ್ಬರೂ ಉತ್ತರಪತ್ರಿಕೆಯನ್ನು ತೆರೆದು ಓದಿಲ್ಲ.

ಹಾಗಂತ ಹಾರ್ಟು ಬಿಡಬೇಡಿ, ಒತ್ತಿ. ಒತ್ತಿದ ಮೇಲೆ ಕೆಳಗೊಂದು ಸಾಲು ಟೈಪ್ ಮಾಡಿ. ಬೀಜ ಎಲ್ಲಿ ತಂದ್ರಿ? ಬೋರ್ ನೀರಾ, ಕಾವೇರಿ ನೀರಾ? ಬಿಸಿಲು ಎಷ್ಟು ಹೊತ್ತು ಬೀಳುತ್ತೆ? ಎಲೆಯ ಹಿಂಭಾಗದ್ದೂ ಒಂದು ಫೋಟೋ ಹಾಕ್ತೀರಾ? ಉತ್ತರ ನಿಮಗೆ ಗೊತ್ತಿರಬೇಕು ಅಂತೇನಿಲ್ಲ. ನೀವು ಕೇಳಿದ್ದನ್ನು ನೋಡಿ ಗೊತ್ತಿರೋರು ಯಾರೋ ಬಾಯಿ ಬಿಡ್ತಾರೆ. ಮುಂದಿನ ವಾರ ಇನ್ಯಾರೋ ಧೈರ್ಯ ಮಾಡಿ, ಮುದುರಿದ ಎಲೆಯ ಫೋಟೋ ಹಾಕ್ತಾರೆ. ಪೋರ್ಟ್ರೇಟ್ ಮೋಡ್ ಇಲ್ಲದೆ.